ಮಂದ್ರದವರ ಏಳು ದಿನ

ಡ್ವೋರ್ಜಾಕರ ‘ನ್ಯೂ ವರ್ಲ್ಡ್’ ಸಿಂಫನಿ ನುಡಿಸಿ ಮುಗಿಸಲು ನಲವತ್ತು ನಿಮಿಷವಾದರೂ ಬೇಕು. ಅಷ್ಟು ಹೊತ್ತಿನಲ್ಲಿ ಟ್ಯೂಬಾ ನುಡಿಸುವವರ ಪಾಲಿಗೆ ಬರುವುದು 14 ಸ್ವರ ಮಾತ್ರ. ಉಳಿದ ಹೊತ್ತೆಲ್ಲ ಹತ್ತು ಕಿಲೋ ತೂಗುವ ಹಿತ್ತಾಳೆಯನ್ನು ತೊಡೆಯ ಮೇಲಿಟ್ಟುಕೊಂಡು, ತಾಳದ ಲೆಕ್ಕ ಹಾಕುತ್ತ, ಪಿಟೀಲಿನವರು ಬೆವರುವುದನ್ನು ನೋಡುತ್ತ ಕೂರಬೇಕು. ದೊಡ್ಡ ಆರ್ಕೆಸ್ಟ್ರಾ ಎಂದರೆ ಪಿಟೀಲಿನವರೇ ಮೂವತ್ತರ ಆಸುಪಾಸು ಇರುತ್ತಾರೆ, ಟ್ಯೂಬಾದವರು ಒಬ್ಬರೇ. ಪಕ್ಕದ ಟ್ರಾಂಬೋನಿನವರು ಸಾಮಾನ್ಯವಾಗಿ ಮೂವರು, ತಮ್ಮತಮ್ಮಲ್ಲಿ ಪಿಸುಮಾತಾದರೂ ಆಡಿಕೊಳ್ಳಬಹುದು. ಇನ್ನು ಯುಫೋನಿಯಂ ಎಂಬ ವಾದ್ಯದವರಿಗೆ ಅಲ್ಲಿ ಕಾಯಂ ಕುರ್ಚಿಯೇ ಇಲ್ಲ. ಹೋಲ್ಸ್ಟ್ ಅವರ ‘ದಿ ಪ್ಲಾನೆಟ್ಸ್’ನಂಥ ಕೃತಿ ಇದ್ದ ದಿನ ಕರೆ ಬರುತ್ತದೆ, ಕಛೇರಿ ಮುಗಿದ ಮೇಲೆ ಮನೆಗೆ.

ಟ್ರಾಂಬೋನ್, ಯುಫೋನಿಯಂ, ಟ್ಯೂಬಾ ಈ ಮೂರನ್ನೂ ಸೇರಿಸಿ ಪಾಶ್ಚಾತ್ಯ ಸಂಗೀತದವರು ‘ಲೋ ಬ್ರಾಸ್’ ಎನ್ನುತ್ತಾರೆ. ಹಿತ್ತಾಳೆ ವಾದ್ಯಗಳಲ್ಲಿ ಮಂದ್ರಸ್ಥಾಯಿಯನ್ನು ಹೊರುವವರು. ವರ್ಷವಿಡೀ ಊರಿಗೊಬ್ಬರಂತೆ ಚದುರಿ ಕೂತಿರುವ ಈ ಜನ ಬೇಸಿಗೆ ರಜೆಯಲ್ಲಿ ಯಾವುದಾದರೂ ಒಂದು ವಿಶ್ವವಿದ್ಯಾಲಯದ ಖಾಲಿ ಹಾಸ್ಟೆಲುಗಳಿಗೆ ಬಂದು ಬೀಡುಬಿಡುತ್ತಾರೆ. ಸುಮಾರು ಒಂದು ವಾರ ಬೆಳಿಗ್ಗೆಯಿಂದ ರಾತ್ರಿವರೆಗೆ ಕಛೇರಿ, ಪಾಠ, ಸ್ಪರ್ಧೆ, ವಾದ್ಯಗಳ ಮಾರಾಟ. ಸಮ್ಮೇಳನವೆಂದರೂ ಸರಿ, ಜಾತ್ರೆಯೆಂದರೂ ಸರಿ.

ಇದಕ್ಕೆ ಮೊದಲ ದೊಡ್ಡ ರೂಪ ಸಿಕ್ಕಿದ್ದು 1973ರ ಮೇ ತಿಂಗಳಲ್ಲಿ, ಅಮೆರಿಕದ ಬ್ಲೂಮಿಂಗ್ಟನ್ ಊರಿನ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ. ಮೊದಲ ಅಂತಾರಾಷ್ಟ್ರೀಯ ಟ್ಯೂಬಾ ಕಮ್ಮಟ ಅದು. ನಡೆಸಿದವರು ಅಲ್ಲಿನ ಪ್ರಾಧ್ಯಾಪಕ ಹಾರ್ವಿ ಫಿಲಿಪ್ಸ್. ಮಿಸೌರಿ ಪ್ರಾಂತ್ಯದಲ್ಲಿ 1929ರಲ್ಲಿ ಹುಟ್ಟಿದ ಫಿಲಿಪ್ಸ್ ಹದಿಹರೆಯ ದಾಟುವ ಮೊದಲೇ ಸರ್ಕಸ್ಸಿನ ಬ್ಯಾಂಡು ಸೇರಿದವರು. ಸರ್ಕಸ್ಸಿನಲ್ಲಿ ಟ್ಯೂಬಾದವರಿಗೆ ಬಿಡುವೆಂಬುದಿಲ್ಲ. ಆನೆ ಬಂದರೂ ಜೋಕಾಲಿ ಆಡಿದರೂ ತಳದಲ್ಲಿ ಅವರ ಲಯ ನಡೆಯುತ್ತಲೇ ಇರಬೇಕು. ಅಲ್ಲಿಂದ ನ್ಯೂಯಾರ್ಕಿಗೆ ಬಂದು ವಿಲಿಯಂ ಬೆಲ್ ಎಂಬ ಗುರುವಿನ ಹತ್ತಿರ ಕಲಿತು, ಹಿತ್ತಾಳೆ ವಾದ್ಯಗಳ ಪಂಚಕ ಕಟ್ಟಿ, ಕೊನೆಗೆ 1971ರಲ್ಲಿ ಗುರು ತೆರವು ಮಾಡಿದ ಇಂಡಿಯಾನಾದ ಸ್ಥಾನಕ್ಕೇ ಬಂದು ಕೂತರು. ಸುಮ್ಮನೆ ಕೂರುವ ಜಾಯಮಾನ ಅವರದಲ್ಲ.

ಫಿಲಿಪ್ಸ್ ಎದುರಿಸಿದ ಸಮಸ್ಯೆ ಅರ್ಥವಾಗಬೇಕಾದರೆ ವಾದ್ಯದ ವಯಸ್ಸು ಗೊತ್ತಿರಬೇಕು. ಟ್ಯೂಬಾಗೆ ಪೇಟೆಂಟ್ ಸಿಕ್ಕಿದ್ದು 1835ರ ಸೆಪ್ಟೆಂಬರ್‌ನಲ್ಲಿ, ಬರ್ಲಿನ್ನಿನಲ್ಲಿ. ಪ್ರಷ್ಯದ ಸೇನಾ ಬ್ಯಾಂಡುಗಳನ್ನು ನೋಡಿಕೊಳ್ಳುತ್ತಿದ್ದ ವಿಲ್ಹೆಲ್ಮ್ ವೀಪ್ರೆಕ್ಟ್ ಮತ್ತು ವಾದ್ಯ ತಯಾರಕ ಮೊರಿಟ್ಸ್ ಇಬ್ಬರೂ ಸೇರಿ ಮಾಡಿದ್ದು. ಬಯಲಲ್ಲಿ ನಡೆಯುವ ಸಿಪಾಯಿಗಳಿಗೆ ಕೇಳುವಂಥ ಗಟ್ಟಿಯಾದ ಮಂದ್ರ ಅವರಿಗೆ ಬೇಕಿತ್ತು. ಆ ಹೊತ್ತಿಗೆ ಮೊಜಾರ್ಟ್ ತೀರಿಕೊಂಡು 44 ವರ್ಷ, ಬೆಥೊವೆನ್ ತೀರಿಕೊಂಡು 8 ವರ್ಷ ಆಗಿತ್ತು. ಅಂದರೆ ಪಿಟೀಲು, ಪಿಯಾನೋದವರು ಅಪ್ಪನ ಆಸ್ತಿಯಂತೆ ಅನುಭವಿಸುವ ಮಹಾಕೃತಿಗಳಲ್ಲಿ ಟ್ಯೂಬಾದ ಹೆಸರೇ ಇಲ್ಲ. ಆಮೇಲೆ ಬಂದ ವಾಗ್ನರ್, ಬ್ರುಕ್ನರ್, ಮಾಹ್ಲರ್ ಆರ್ಕೆಸ್ಟ್ರಾದೊಳಗೆ ಅದಕ್ಕೆ ಒಳ್ಳೆಯ ಕೆಲಸ ಕೊಟ್ಟರು, ನಿಜ. ಆದರೆ ಒಂಟಿಯಾಗಿ ವೇದಿಕೆಯ ಮುಂದೆ ಬಂದು ನುಡಿಸಲು ಏನೂ ಇರಲಿಲ್ಲ. ಹೆಸರಾಂತ ಸಂಯೋಜಕರೊಬ್ಬರು ಟ್ಯೂಬಾಗೆಂದು ಕನ್ಸರ್ಟೋ ಬರೆಯಲು 1954ರವರೆಗೆ ಕಾಯಬೇಕಾಯಿತು. ಬರೆದವರು ಇಂಗ್ಲೆಂಡಿನ ವಾನ್ ವಿಲಿಯಮ್ಸ್, ಆಗ ಅವರಿಗೆ 81 ವರ್ಷ. ಮುದುಕರ ಖಯಾಲಿ ಎಂದು ಮೂಗು ಮುರಿದವರೂ ಇದ್ದರು. ಮರುವರ್ಷ ಹಿಂಡೆಮಿತ್ ಒಂದು ಸೊನಾಟಾ ಬರೆದರು. ಬಂಡವಾಳವೆಂದರೆ ಅಷ್ಟೇ.

ಬರೆದಿಟ್ಟ ಸಂಗೀತವಿಲ್ಲದಿದ್ದರೆ ಬರೆಸಬೇಕು ಎಂಬುದು ಫಿಲಿಪ್ಸ್ ಕಂಡುಕೊಂಡ ದಾರಿ. ಗೆಳೆಯರಾದ ಆಲೆಕ್ ವೈಲ್ಡರ್, ಗಂಥರ್ ಶುಲರ್ ಮೊದಲಾದ ಸಂಯೋಜಕರ ಬೆನ್ನುಬಿದ್ದು ಬರೆಸಿದರು. ಅವರ ಜೀವಮಾನದಲ್ಲಿ ಹೀಗೆ ಹುಟ್ಟಿದ ಕೃತಿಗಳು ಇನ್ನೂರಕ್ಕೂ ಮಿಕ್ಕಿದ್ದವು. ಆದರೆ ಹೊಸ ಕೃತಿಯನ್ನು ಒಬ್ಬರೇ ನುಡಿಸಿ ಪೆಟ್ಟಿಗೆಗೆ ಹಾಕಿದರೆ ಅದು ಅಲ್ಲೇ ಸಾಯುತ್ತದೆ. ಅದನ್ನು ನೂರಾರು ಜನ ಒಟ್ಟಿಗೆ ಕೇಳಬೇಕು, ಅವರಲ್ಲಿ ಹತ್ತು ಮಂದಿಗಾದರೂ ‘ಇದನ್ನು ನಾನೂ ನುಡಿಸಬೇಕು’ ಅನ್ನಿಸಬೇಕು, ಅವರು ಅದನ್ನು ತಮ್ಮೂರಿನ ಶಿಷ್ಯರಿಗೆ ಕಲಿಸಬೇಕು. ಬೇಸಿಗೆಯ ಈ ವಾರವನ್ನು ಕೂಟ, ಗಮ್ಮತ್ತು ಎಂದು ಹೊರಗಿನವರು ನೋಡುವುದುಂಟು. ನನಗೆ ಕಾಣುವುದು ಬೇರೆ: ಪರಂಪರೆ ಇಲ್ಲದ ವಾದ್ಯವೊಂದು ಕೂತು ತನಗೆ ಬೇಕಾದ ಪರಂಪರೆಯನ್ನು ತಾನೇ ತಯಾರಿಸಿಕೊಂಡ ಕಾರ್ಖಾನೆ ಇದು.

ಗಮ್ಮತ್ತಿಗೂ ಕಡಿಮೆಯಿರಲಿಲ್ಲವೆನ್ನಿ. ಬೆಲ್ ಹುಟ್ಟಿದ್ದು 1902ರ ಕ್ರಿಸ್‌ಮಸ್ ದಿನ. ಗುರುವಿನ ನೆನಪಿಗೆ 1974ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸೆಂಟರಿನ ಐಸ್ ಅಂಗಳದಲ್ಲಿ ನೂರಾರು ಟ್ಯೂಬಾಗಳಿಂದ ಕ್ರಿಸ್‌ಮಸ್ ಹಾಡು ನುಡಿಸಬೇಕೆಂದು ಫಿಲಿಪ್ಸ್ ಅಲ್ಲಿನ ಅಧಿಕಾರಿಗೆ ಫೋನು ಮಾಡಿದರಂತೆ. ಆ ಕಡೆಯಿಂದ ಸದ್ದೇ ಇಲ್ಲ. ಯಾರೋ ತಲೆಕೆಟ್ಟವನೆಂದು ಅವರು ಭಾವಿಸಿದ್ದು ಗೊತ್ತಾಗಿ, ಫಿಲಿಪ್ಸ್ ಕೆಲವು ಫೋನ್ ನಂಬರ್ ಕೊಟ್ಟು ಇವರನ್ನು ವಿಚಾರಿಸಿ ನೋಡಿ ಎಂದರು. ಡೈರೆಕ್ಟರಿಯಲ್ಲಿ ಸಿಗದ ಆ ನಂಬರುಗಳು ಸ್ಟೊಕೊವ್‌ಸ್ಕಿ, ಬರ್ನ್‌ಸ್ಟೈನ್‌ರಂಥ ದೊಡ್ಡ ಕಂಡಕ್ಟರುಗಳದು. ಸ್ವಲ್ಪ ಹೊತ್ತಿಗೆ ಅನುಮತಿ ಬಂತು. ‘ಟ್ಯೂಬಾಕ್ರಿಸ್‌ಮಸ್’ ಇವತ್ತು ಅಮೆರಿಕದ ಊರೂರಿನಲ್ಲಿ ನಡೆಯುತ್ತದೆ. ಬೇಸಿಗೆಯ ಸಮ್ಮೇಳನದ ಚಳಿಗಾಲದ ತಮ್ಮ ಎನ್ನಬಹುದು.

ಬ್ಲೂಮಿಂಗ್ಟನ್ನಿನ ಆ ಕಮ್ಮಟದ ಸುತ್ತಲೇ ಟ್ಯೂಬಾ ವಾದಕರ ಸಂಘವೂ ಗಟ್ಟಿಯಾಯಿತು. ಮೊದಲ ಹೆಸರಿನಲ್ಲಿ ‘ಸೋದರತ್ವ’ ಎಂದಿತ್ತು, ಯುಫೋನಿಯಮ್ಮಿನ ಸುದ್ದಿ ಇರಲಿಲ್ಲ. ಹೆಂಗಸರೂ ಯುಫೋನಿಯಂನವರೂ ಎಷ್ಟು ದಿನ ಸುಮ್ಮನಿದ್ದಾರು? ಈಗ ಅದು ಅಂತಾರಾಷ್ಟ್ರೀಯ ಟ್ಯೂಬಾ ಯುಫೋನಿಯಂ ಸಂಘ. ಅದರ ಸಮ್ಮೇಳನ ಒಂದೇ ಕಡೆ ನಿಲ್ಲುವುದಿಲ್ಲ: 2012ರಲ್ಲಿ ಆಸ್ಟ್ರಿಯಾದ ಲಿಂಟ್ಸ್, 2014ರಲ್ಲಿ ಮತ್ತೆ ಬ್ಲೂಮಿಂಗ್ಟನ್, 2016ರಲ್ಲಿ ನಾಕ್ಸ್‌ವಿಲ್, 2019ರಲ್ಲಿ ಅಯೋವಾ, 2023ರಲ್ಲಿ ಅರಿಜೋನಾದ ಟೆಂಪಿ. ಟ್ರಾಂಬೋನಿನವರಿಗೆ ತಮ್ಮದೇ ಸಂಘ, ತಮ್ಮದೇ ಬೇಸಿಗೆ ಉತ್ಸವ ಇದೆ. ಅವರು 1971ರಲ್ಲೇ ನ್ಯಾಶ್‌ವಿಲ್‌ನಲ್ಲಿ ಸೇರಿದ್ದರು. ನೆಂಟರು, ಆದರೆ ಒಲೆ ಬೇರೆ.

ವಾರ ಹೇಗೆ ಕಳೆಯುತ್ತದೆ? ಇಂಥ ಕೂಟಗಳಲ್ಲಿ ಬೆಳಗಿನ ಮೊದಲ ತರಗತಿ ಹೆಚ್ಚಾಗಿ ಉಸಿರಿನದು. ವಾದ್ಯವಿಲ್ಲದೆ ನಿಂತು, ಕೈ ಚಾಚಿ, ಎಣಿಕೆಗೆ ತಕ್ಕಂತೆ ಗಾಳಿ ಒಳಗೆ, ಗಾಳಿ ಹೊರಗೆ. ಪ್ರಾಣಾಯಾಮ ಗೊತ್ತಿರುವ ನಮ್ಮವರಿಗೆ ನೋಡಿದ ಕೂಡಲೇ ಪರಿಚಿತ ಅನ್ನಿಸುತ್ತದೆ, ಆದರೆ ಒಂದು ದೊಡ್ಡ ವ್ಯತ್ಯಾಸವಿದೆ: ಇಲ್ಲಿ ಕುಂಭಕ ನಿಷಿದ್ಧ. ಒಳಗೆ ಬಂದ ಗಾಳಿ ಒಂದು ಗಳಿಗೆಯೂ ತಡೆಯದೆ ಹೊರಗೆ ಹರಿಯಬೇಕು; ತಡೆದರೆ ಗಂಟಲು ಬಿಗಿಯುತ್ತದೆ, ಸ್ವರ ಬಿರುಸಾಗುತ್ತದೆ. ಈ ಪಾಠದ ಮೂಲ ಪುರುಷ ಆರ್ನಾಲ್ಡ್ ಜೇಕಬ್ಸ್. ಷಿಕಾಗೊ ಸಿಂಫನಿಯಲ್ಲಿ 1944ರಿಂದ 1988ರವರೆಗೆ ಟ್ಯೂಬಾ ನುಡಿಸಿದವರು. ಶ್ವಾಸಕೋಶದ ಶರೀರಶಾಸ್ತ್ರ ಓದಿ, ವೈದ್ಯರ ಉಪಕರಣಗಳನ್ನು ತಂದಿಟ್ಟುಕೊಂಡು, ವಿದ್ಯಾರ್ಥಿ ಎಷ್ಟು ಗಾಳಿ ಎಳೆಯುತ್ತಾನೆಂದು ಅಳೆದು ತೋರಿಸುತ್ತಿದ್ದರು. ತಮಾಷೆಯೆಂದರೆ ಅವರಿಗೇ ಆಸ್ತಮಾ. ಆದರೂ ಅವರು ಹೇಳುತ್ತಿದ್ದುದು ಮಾಂಸಖಂಡದ ಮಾತಲ್ಲ: ಮನಸ್ಸಿನಲ್ಲಿ ಹಾಡು ಕೇಳಿಸಿಕೊ, ಗಾಳಿ ಬಿಡು, ಮಿಕ್ಕಿದ್ದನ್ನು ದೇಹ ನೋಡಿಕೊಳ್ಳುತ್ತದೆ ಎಂಬ ಅರ್ಥದ ಮಾತು.

ಟ್ಯೂಬಾಗೆ ಬೇಕಾದ್ದು ಗಾಳಿಯ ಒತ್ತಡವಲ್ಲ, ಗಾತ್ರ. ಬಿ-ಫ್ಲಾಟ್ ಟ್ಯೂಬಾದ ಕೊಳವೆಯನ್ನು ಬಿಡಿಸಿ ಉದ್ದಕ್ಕಿಟ್ಟರೆ 18 ಅಡಿ. ಅದರ ತೀರಾ ಕೆಳಗಿನ ಮೂಲಸ್ವರ ಸೆಕೆಂಡಿಗೆ ಸುಮಾರು 29 ಕಂಪನ. ಮನುಷ್ಯನ ಕಿವಿಯ ಮಿತಿಯೇ 20. ಆ ಸ್ವರದ ಒಂದು ಅಲೆ ಗಾಳಿಯಲ್ಲಿ ಹನ್ನೆರಡು ಮೀಟರಿನಷ್ಟು ಉದ್ದ, ಸಾಮಾನ್ಯ ಕೋಣೆಯೊಳಗೆ ಒಂದು ಅಲೆಯೂ ಪೂರ್ತಿ ಹಿಡಿಸದು. ಹಾಗಾಗಿ ಮನೆಯಲ್ಲಿ ಅಭ್ಯಾಸ ಮಾಡುವವರಿಗೆ ತಮ್ಮ ನಾದ ನಿಜವಾಗಿ ಹೇಗಿದೆಯೆಂದು ಗೊತ್ತಾಗುವುದು ಕಷ್ಟ. ದೊಡ್ಡ ಸಭಾಂಗಣದಲ್ಲಿ, ತಿಳಿದವರು ಎದುರು ಕೂತಾಗ ನುಡಿಸಲು ಸಿಗುವ ಹತ್ತು ನಿಮಿಷಕ್ಕೆ ಅವರು ಅಷ್ಟು ದೂರದಿಂದ ಬರುವುದರಲ್ಲಿ ಆಶ್ಚರ್ಯವಿಲ್ಲ.

ಎಲ್ಲಕ್ಕಿಂತ ಹೆಚ್ಚು ಗದ್ದಲ ಇರುವುದು ವಾದ್ಯಗಳ ಪ್ರದರ್ಶನದ ಕೋಣೆಯಲ್ಲಿ. ಜರ್ಮನಿಯವರು, ಜಪಾನಿನವರು, ಡಚ್ಚರು, ಸ್ವಿಸ್ ತಯಾರಕರು ಸಾಲಾಗಿ ಮೇಜು ಹಾಕಿರುತ್ತಾರೆ. ಬಂದವರು ಒಂದೊಂದನ್ನೇ ಎತ್ತಿ, ತಮ್ಮ ಜೇಬಿನ ಮೌತ್‌ಪೀಸ್ ಸಿಕ್ಕಿಸಿ ಊದುತ್ತಾರೆ. ಒಬ್ಬರು ವಾಗ್ನರರ ‘ಮೈಸ್ಟರ್‌ಸಿಂಗರ್’, ಪಕ್ಕದವರು ‘ವಾಲ್ಕಿರಿ’, ಆಚೆಯವರು ಬರೀ ಒಂದು ದೀರ್ಘ ಷಡ್ಜ, ಎಲ್ಲ ಏಕಕಾಲಕ್ಕೆ. ನೋಡುತ್ತಿದ್ದರೆ ಎಡಗೈಯ ಕೆಲಸ ಗಮನಕ್ಕೆ ಬರುತ್ತದೆ. ಬಲಗೈ ಬೆರಳು ವಾಲ್ವ್ ಒತ್ತುವಾಗ ಎಡಗೈ ಒಂದು ಸಣ್ಣ ಕೊಳವೆಯನ್ನು ಅರ್ಧ ಇಂಚು, ಒಂದಿಂಚು ಮೇಲೆಳೆದು ಬಿಡುತ್ತಿರುತ್ತದೆ. ಕಾರಣ ಸರಳ ಗಣಿತ. ವಾಲ್ವ್ ಒತ್ತಿದರೆ ಗಾಳಿಯ ದಾರಿಗೆ ಒಂದಿಷ್ಟು ಕೊಳವೆ ಸೇರಿ ಸ್ವರ ಇಳಿಯುತ್ತದೆ. ಮೊದಲನೆಯದನ್ನು ಒತ್ತಿ ವಾದ್ಯ ಉದ್ದವಾದ ಮೇಲೆ ಎರಡನೆಯ ವಾಲ್ವಿನ ಕೊಳವೆ ಆ ಹೊಸ ಉದ್ದಕ್ಕೆ ಸಾಲದು, ಏಕೆಂದರೆ ಅದನ್ನು ಕತ್ತರಿಸಿದ್ದು ಹಳೆಯ ಉದ್ದದ ಲೆಕ್ಕಕ್ಕೆ. ಮೂರೂ ಸೇರಿದರೆ ಶ್ರುತಿ ಕಿವಿಗೆ ಚುಚ್ಚುವಷ್ಟು ಮೇಲೇರುತ್ತದೆ. ಇದಕ್ಕೆ 1874ರಲ್ಲಿ ಲಂಡನ್ನಿನ ಬೂಸಿ ಕಂಪನಿಯ ಡೇವಿಡ್ ಬ್ಲೇಕ್ಲಿ ಒಂದು ಉಪಾಯ ಹುಡುಕಿದರು: ನಾಲ್ಕನೆಯ ವಾಲ್ವ್ ಒತ್ತಿದಾಗ ಗಾಳಿ ಉಳಿದ ವಾಲ್ವುಗಳೊಳಗೆ ಎರಡನೆಯ ಸಲ ಹಾಯ್ದು, ಕೊರತೆಯಷ್ಟು ಕೊಳವೆಯನ್ನು ತಾನೇ ಸೇರಿಸಿಕೊಳ್ಳುತ್ತದೆ. ಒಳ್ಳೆಯ ಯುಫೋನಿಯಂಗಳಲ್ಲಿ ಇವತ್ತಿಗೂ ಇದೇ ವ್ಯವಸ್ಥೆ. ಬಹುತೇಕ ಟ್ಯೂಬಾಗಳಲ್ಲಿ ಇಲ್ಲ, ಅದಕ್ಕೇ ಐದನೆಯ ವಾಲ್ವ್, ಆರನೆಯ ವಾಲ್ವ್, ಎಡಗೈಯ ಎಳೆದಾಟ. ವೃತ್ತಿಪರ ಟ್ಯೂಬಾದ ಬೆಲೆ ಹತ್ತು ಸಾವಿರ ಡಾಲರನ್ನು ಸುಲಭವಾಗಿ ದಾಟುತ್ತದೆ, ಆದ್ದರಿಂದ ಊದುವವರು ಬಹಳ, ಕೊಳ್ಳುವವರು ವಿರಳ.

ಸಂಜೆ ಗೋಷ್ಠಿವಾದನ. ಇಪ್ಪತ್ತು ಟ್ಯೂಬಾ-ಯುಫೋನಿಯಂ ಒಟ್ಟಿಗೆ ನುಡಿಸಿದರೆ ಕೆಸರು ಕಲಕಿದಂತಾಗದೇ ಎಂದು ಕೇಳಬಹುದು. ಬರೆದವರಿಗೆ ಗೊತ್ತಿಲ್ಲದಿದ್ದರೆ ಆಗುತ್ತದೆ. ಮಂದ್ರದಲ್ಲಿ ಷಡ್ಜ-ಗಾಂಧಾರ ಅಕ್ಕಪಕ್ಕ ಕೂರಿಸಿದರೆ ಎರಡೂ ಒಂದನ್ನೊಂದು ತಿಕ್ಕಿ ಬರೀ ಗುರುಗುರು ಕೇಳಿಸುತ್ತದೆ. ಷಡ್ಜ-ಪಂಚಮ, ಷಡ್ಜ-ಷಡ್ಜ ಹೊಂದುತ್ತವೆ. ತಂಬೂರಿಯ ಶ್ರುತಿ ಸಾಮಾನ್ಯವಾಗಿ ಪಂಚಮ, ಷಡ್ಜಗಳಲ್ಲೇ ನಿಂತಿರುವುದನ್ನು ಬಲ್ಲ ನಮಗೆ ಇದನ್ನು ವಿವರಿಸಬೇಕಿಲ್ಲ. ಹೀಗಾಗಿ ಟ್ಯೂಬಾಗಳನ್ನು ದೂರದೂರದ ಸ್ವರಗಳಲ್ಲಿ ನಿಲ್ಲಿಸಿ, ರಾಗದ ನಡೆಯನ್ನೂ ಗಾಂಧಾರಗಳನ್ನೂ ಮೇಲಿನ ಯುಫೋನಿಯಂಗಳಿಗೆ ಕೊಡುತ್ತಾರೆ. ಇಂಥ ಗೋಷ್ಠಿಯನ್ನು ಅಮೆರಿಕದ ವಿಶ್ವವಿದ್ಯಾಲಯದ ಪಾಠವಾಗಿ ಮೊದಲು ತಂದವರು ಮಯಾಮಿಯ ಕಾನ್‌ಸ್ಟೆನ್ಸ್ ವೆಲ್ಡನ್, 1960ರಲ್ಲಿ. ಹೆಂಗಸಿಗೇಕೆ ಟ್ಯೂಬಾ ಎನ್ನುತ್ತಿದ್ದ ಕಾಲದಲ್ಲಿ ಬಾಸ್ಟನ್ ಪಾಪ್ಸ್ ಆರ್ಕೆಸ್ಟ್ರಾದಲ್ಲಿ ನುಡಿಸಿದವರು ಅವರು.

ಯುಫೋನಿಯಂ ಗುಂಗು ಹಿಡಿದವರು ಹೋಗಬೇಕಾದದ್ದು ಇನ್ನೊಂದು ಜಾಗಕ್ಕೆ: ಮಿಷಿಗನ್ನಿನ ಟ್ವಿನ್ ಲೇಕ್ ಬಳಿಯ ಕಾಡಿನೊಳಗಿನ ಬ್ಲೂ ಲೇಕ್ ಕಲಾ ಶಿಬಿರಕ್ಕೆ. ಅಲ್ಲಿ 1986ರಿಂದ ಆಗಸ್ಟ್ ತಿಂಗಳಲ್ಲಿ ಲಿಯೊನಾರ್ಡ್ ಫಾಲ್ಕೋನೆ ಹೆಸರಿನ ಉತ್ಸವ ಮತ್ತು ಸ್ಪರ್ಧೆ ನಡೆಯುತ್ತದೆ. ಫಾಲ್ಕೋನೆ ದಕ್ಷಿಣ ಇಟಲಿಯ ರೊಸೆಟೊ ವಾಲ್ಫೊರ್ಟೊರೆ ಎಂಬ ಬೆಟ್ಟದೂರಿನವರು, 1899ರಲ್ಲಿ ಹುಟ್ಟಿ, ಹದಿಹರೆಯದಲ್ಲಿ ಅಮೆರಿಕಕ್ಕೆ ಬಂದು, 1927ರಿಂದ 1967ರವರೆಗೆ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಬ್ಯಾಂಡನ್ನು ನಡೆಸಿದವರು. ಅಣ್ಣ ನಿಕೋಲಸ್ ಎದುರಾಳಿ ಮಿಷಿಗನ್ ವಿಶ್ವವಿದ್ಯಾಲಯದ ಬ್ಯಾಂಡಿನ ನಿರ್ದೇಶಕ! ಅಣ್ಣನ ಕಿವಿ ಕೇಳದಾಗಿ ಕೆಲಸ ಬಿಡುವ ಹೊತ್ತು ಬಂದಾಗ, ಕೆಲಕಾಲ ಎರಡೂ ಬ್ಯಾಂಡುಗಳನ್ನು ತಮ್ಮನೇ ನೋಡಿಕೊಂಡರು. ಇಟಲಿಯ ಒಪೆರಾ ಗಾಯಕರ ಹಾಗೆ ಸ್ವರವನ್ನು ಧಾರಾಳವಾಗಿ ಅಲುಗಿಸಿ ಹಾಡಿಸುತ್ತಿದ್ದ ಲಿಯೊನಾರ್ಡರ ಯುಫೋನಿಯಂ ಶೈಲಿ ಇಂದಿನವರಿಗೆ ಸ್ವಲ್ಪ ಅತಿ ಅನ್ನಿಸಬಹುದು. ನನಗಂತೂ ಈಗಿನ ಸ್ಪರ್ಧೆಗಳ ನಯವಾದ, ತಪ್ಪಿಲ್ಲದ, ಒಬ್ಬರದು ಇನ್ನೊಬ್ಬರಂತೆ ಕೇಳುವ ನಾದಕ್ಕಿಂತ ಅದೇ ವಾಸಿ.

ತಪ್ಪಿಲ್ಲದೆ ನುಡಿಸುವುದು ಏಕೆ ಇಷ್ಟು ಮುಖ್ಯವಾಯಿತು ಎಂಬುದಕ್ಕೆ ಕಾರಣ ಅಣಕು ಆಡಿಷನ್ನಿನಲ್ಲಿದೆ, ಅಂದರೆ ಆರ್ಕೆಸ್ಟ್ರಾದ ಆಯ್ಕೆ ಪರೀಕ್ಷೆಯ ತಾಲೀಮಿನಲ್ಲಿ. ಅದೂ ಸಮ್ಮೇಳನದ ಒಂದು ಸ್ಪರ್ಧೆ. ಪರದೆಯ ಹಿಂದೆ ಕೂತ ತೀರ್ಪುಗಾರರಿಗೆ ನುಡಿಸುವವರು ಗಂಡೋ ಹೆಣ್ಣೋ ಕಾಣುವುದಿಲ್ಲ. ಆರ್ಕೆಸ್ಟ್ರಾ ಕೃತಿಗಳಿಂದ ಹೆಕ್ಕಿದ ತುಣುಕುಗಳು: ಬರ್ಲಿಯೋಜ್, ಪ್ರೊಕೊಫಿಯೆವ್, ಮಾಹ್ಲರರ ಮೊದಲ ಸಿಂಫನಿಯ ಮೂರನೆಯ ಭಾಗ. ಮುಸೋರ್ಗ್‌ಸ್ಕಿಯ ಚಿತ್ರಮಾಲೆಗೆ ರಾವೆಲ್ ಮಾಡಿದ ರೂಪದಲ್ಲಿ ಎತ್ತಿನ ಗಾಡಿಯೊಂದು ಏದುಸಿರು ಬಿಡುತ್ತ ಬಂದು ಹೋಗುವ ‘ಬಿದ್ಲೊ’ ಇದೆ; ಮೇಲಿನ ಸ್ಥಾಯಿಯಲ್ಲಿ ಬರೆದಿರುವುದರಿಂದ ಎಷ್ಟೋ ಟ್ಯೂಬಾದವರು ಅದನ್ನು ಯುಫೋನಿಯಂನವರ ಕೈಗೆ ದಾಟಿಸಿಬಿಡುತ್ತಾರೆ. ಎಲ್ಲ ಸೇರಿ ಕೆಲವೇ ನಿಮಿಷ. ಅಷ್ಟರಲ್ಲಿ ಒಂದು ಸ್ವರ ಜಾರಿದರೆ ಮುಂದಿನವರನ್ನು ಕರೆಯುತ್ತಾರೆ.

ನಿಜವಾದ ಆಡಿಷನ್ ಇದಕ್ಕಿಂತ ನಿರ್ದಯ. ಒಂದು ಆರ್ಕೆಸ್ಟ್ರಾಕ್ಕೆ ಒಂದು ಕುರ್ಚಿ, ಜೇಕಬ್ಸ್‌ರಂಥವರು ಕೂತರೆ 44 ವರ್ಷ ಏಳುವುದಿಲ್ಲ. ಫಿಲಡೆಲ್ಫಿಯಾ ಆರ್ಕೆಸ್ಟ್ರಾದ ಖಾಲಿ ಕುರ್ಚಿಗೆ 2006ರಲ್ಲಿ ಆಡಿಷನ್ ನಡೆದಾಗ ಇನ್ನೂರರ ಹತ್ತಿರ ಅಭ್ಯರ್ಥಿಗಳಿದ್ದರು. ಗೆದ್ದವರು ಇನ್ನೂ ಕಾಲೇಜು ಮುಗಿಸಿರದ ಕ್ಯಾರೊಲ್ ಜಾಂಚ್, ವಯಸ್ಸು ಇಪ್ಪತ್ತು. ಅಮೆರಿಕದ ದೊಡ್ಡ ಆರ್ಕೆಸ್ಟ್ರಾವೊಂದರ ಟ್ಯೂಬಾ ಕುರ್ಚಿಯಲ್ಲಿ ಕಾಯಂ ಆಗಿ ಕೂತ ಮೊದಲ ಹೆಣ್ಣುಮಗಳು. ಮಿಕ್ಕವರ ಗತಿ? ಯುಫೋನಿಯಂನವರ ಕಣ್ಣು ವಾಷಿಂಗ್ಟನ್ನಿನ ಸೇನಾ ಬ್ಯಾಂಡುಗಳ ಮೇಲೆ. ಅಲ್ಲಿ ಸಂಬಳ, ಸಮವಸ್ತ್ರ, ಪಿಂಚಣಿ ಎಲ್ಲ ಇದೆ, ಅದಕ್ಕೇ ಸಮ್ಮೇಳನದಲ್ಲಿ ಸೇನಾ ಬ್ಯಾಂಡಿನ ಅಣಕು ಆಡಿಷನ್ನೂ ಬೇರೆಯಾಗಿ ನಡೆಯುತ್ತದೆ. ಉಳಿದ ಬಹುಪಾಲು ಜನ ಶಾಲೆಗಳಲ್ಲಿ ಬ್ಯಾಂಡ್ ಮೇಷ್ಟ್ರಾಗುತ್ತಾರೆ, ಇಲ್ಲವೇ ಬೇರೆ ಉದ್ಯೋಗ ಮಾಡುತ್ತ ಭಾನುವಾರ ನುಡಿಸುತ್ತಾರೆ. ಇವರಿಗೆ ಕನಸು ಮಾರಿ ಶುಲ್ಕ ವಸೂಲಿ ಮಾಡುತ್ತಾರೆಂಬ ಟೀಕೆಯಲ್ಲಿ ಸತ್ಯವಿಲ್ಲದಿಲ್ಲ. ಆದರೂ ಕುರ್ಚಿ ಸಿಗದ ಈ ಜನ ಸೇರಿದ್ದರಿಂದಲೇ ಕುರ್ಚಿಯಲ್ಲಿ ಕೂತವರಿಗೆ ನುಡಿಸಲು ಕೃತಿಗಳು ಹುಟ್ಟಿದವು ಎಂಬುದೂ ಅಷ್ಟೇ ಸತ್ಯ.

ನಮ್ಮಲ್ಲಿ ಈ ವಾದ್ಯಗಳು ಇಲ್ಲವೆಂದಲ್ಲ. ಮೈಸೂರು ದಸರೆಯಲ್ಲಿ ಪೊಲೀಸ್ ಬ್ಯಾಂಡಿನ ಸಾಲುಗಳನ್ನು ನೋಡಿದವರು ದಪ್ಪ ಹೊಟ್ಟೆಯ ಹಿತ್ತಾಳೆಗಳನ್ನು ಕಂಡೇ ಇರುತ್ತಾರೆ, ಹೆಸರು ಕೇಳಿರಲಿಕ್ಕಿಲ್ಲ. ಮದುವೆ ಬ್ಯಾಂಡಿನಲ್ಲಿ ಯುಫೋನಿಯಂ ಹಳೆಯ ನೆಂಟ. ಮೀರತ್ತಿನ ಜಲಿ ಕೋಠಿ ಗಲ್ಲಿಗಳಲ್ಲಿ ತಲೆಮಾರುಗಳಿಂದ ಇವುಗಳನ್ನು ಬಡಿದು ಬಾಗಿಸುತ್ತಿದ್ದಾರೆ. ನಾದಿರ್ ಅಲಿ ಕಂಪನಿ ಶುರುವಾದದ್ದು 1885ರಲ್ಲಿ. ವಾದ್ಯವೂ ಇದೆ, ಊದುವವರೂ ಇದ್ದಾರೆ. ಅವರು ತಮಗೋಸ್ಕರ ಒಂದು ವಾರ ಕೂಡಿ ನುಡಿಸುವ ಏರ್ಪಾಟು ಮಾತ್ರ ಕಾಣುವುದಿಲ್ಲ.

ಈಚಿನ ಸಮ್ಮೇಳನಗಳಲ್ಲಿ ಕೃತಿ ಬರೆಸುವ ಕ್ರಮವೂ ಬದಲಾಗಿದೆ. ಒಬ್ಬ ಫಿಲಿಪ್ಸ್ ಬೆನ್ನುಬೀಳುವ ಬದಲು ಇಪ್ಪತ್ತು ಮೂವತ್ತು ವಾದಕರು, ಕಾಲೇಜುಗಳು ಚಂದಾ ಹಾಕಿ ಒಬ್ಬ ಸಂಯೋಜಕರಿಂದ ಬರೆಸುತ್ತಾರೆ, ಎಲ್ಲರಿಗೂ ತಮ್ಮೂರಿನಲ್ಲಿ ಮೊದಲು ನುಡಿಸುವ ಹಕ್ಕು. ದೊಡ್ಡವರೂ ಹಿಂದೆ ಬಿದ್ದಿಲ್ಲ: ಜಾನ್ ವಿಲಿಯಮ್ಸ್ 1985ರಲ್ಲಿ ಟ್ಯೂಬಾ ಕನ್ಸರ್ಟೋ ಬರೆದರು, ವಿಂಟನ್ ಮಾರ್ಸಾಲಿಸ್ 2021ರಲ್ಲಿ ಜಾಂಚ್‌ಗೆಂದೇ ಬರೆದರು. ಇನ್ನು ಮುದುಕರ ಖಯಾಲಿ ಎನಿಸಿಕೊಂಡಿದ್ದ ವಾನ್ ವಿಲಿಯಮ್ಸ್ ಕನ್ಸರ್ಟೋ ಈಗ ಕಾಲೇಜು ಪ್ರವೇಶಕ್ಕೆ ಬರುವ ಹುಡುಗ ಹುಡುಗಿಯರು ಬಾಯಿಪಾಠ ಮಾಡಿಕೊಂಡು ಬರುವ ಪಾಠ. ತೀರ್ಪುಗಾರರು ಅದನ್ನು ಬೆಳಿಗ್ಗೆಯಿಂದ ಎಷ್ಟು ಸಲ ಕೇಳಿರುತ್ತಾರೆಂದರೆ, ಯಾರಾದರೂ ಬೇರೆಯದನ್ನು ನುಡಿಸುತ್ತೇನೆಂದರೆ ಅಷ್ಟಕ್ಕೇ ಅರ್ಧ ಅಂಕ ಕೊಟ್ಟುಬಿಟ್ಟಾರು.